ನೋವಿಲ್ಲವೆಂದು ಸಹಿ ಹಾಕಿದ ಪಾದದ ಪರವಾಗಿ

ಸಮವಸ್ತ್ರ ಮತ್ತು ಸಿಬ್ಬಂದಿ ಕಲ್ಯಾಣ ವಿಭಾಗದ ಮುಖ್ಯಸ್ಥರಿಗೆ,
ವಸ್ತುಸಂಗ್ರಹಾಲಯದ ಆಡಳಿತ ಕಚೇರಿ, ಎರಡನೆಯ ಮಹಡಿ, ಲಿಫ್ಟಿನ ಪಕ್ಕ.

ಗಾಲಿಯ ಮೇಲೆ ಸುತ್ತುವ ಕಚೇರಿ ಕುರ್ಚಿಯಲ್ಲಿ ಕುಳಿತು, ನಿಂತವರ ಕ್ಷೇಮವನ್ನು ಅನುದಿನವೂ ಚಿಂತಿಸುತ್ತಿರುವ ಮಾನ್ಯರೇ,

ತಮಗೂ, ತಮ್ಮ ಎರಡೂ ಪಾದಗಳಿಗೂ, ಆ ಪಾದಗಳ ಹತ್ತೂ ಬೆರಳುಗಳಿಗೂ ನನ್ನ ಅನಂತ ನಮಸ್ಕಾರಗಳು.

ನನ್ನ ಎಡಗಾಲಿನ ಕಿರುಬೆರಳಿನ ಮೂಳೆಗೆ ಸೋಂಕು ಇಳಿದಿದೆ, ಬೆರಳನ್ನು ಉಳಿಸಲು ಆಗುವುದಿಲ್ಲ. ಕಳೆದ ಗುರುವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಇದನ್ನು ತಿಳಿಸಿದವರು ಆಸ್ಪತ್ರೆಯ ಶಸ್ತ್ರವೈದ್ಯರು. ಅವರಿಗಿಂತ ಹದಿನೇಳು ದಿನ ಮೊದಲೇ ಅನುಮಾನಪಟ್ಟವರು ಅದೇ ಆಸ್ಪತ್ರೆಯ ಪಾದ ಚಿಕಿತ್ಸಾ ವಿಭಾಗದ ದಾದಿ. ದಾದಿಗಿಂತ ಒಂದು ದಿನ ಮೊದಲು ಗಾಯವನ್ನು ಕಂಡವಳು ನನ್ನ ಹೆಂಡತಿ. ಬೆರಳು ನನ್ನದೇ ಆದರೂ ಸುದ್ದಿ ತಿಳಿದವರ ಸಾಲಿನಲ್ಲಿ ನಾನೇ ಕೊನೆಯವನು. ಹೀಗೇಕಾಯಿತು ಎಂಬುದನ್ನು ತಮ್ಮ ಅವಗಾಹನೆಗೆ ತರುವುದೂ, ಆ ಬೆರಳಿನ ಅಗಲಿಕೆಯಲ್ಲಿ ತಮ್ಮ ವಿಭಾಗ ವಹಿಸಿದ ಶ್ರಮವನ್ನು ಸಾರ್ವಜನಿಕವಾಗಿ ಕೊಂಡಾಡುವುದೂ ಈ ಪತ್ರದ ಉದ್ದೇಶ.

ನನ್ನ ಪರಿಚಯ ಹೇಳಿಕೊಳ್ಳಬೇಕು, ಏಕೆಂದರೆ ತಾವು ನನ್ನನ್ನು ಭಿತ್ತಿಪತ್ರದಲ್ಲಿ ಮಾತ್ರ ನೋಡಿದ್ದೀರಿ. ನಾನು ಏಳನೆಯ ಕೊಠಡಿಯ ಕಾವಲುಗಾರ. ಇಪ್ಪತ್ತೊಂದು ವರ್ಷಗಳಿಂದ, ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತೂವರೆ ಗಂಟೆ, ಒಡೆದ ಶಿಲ್ಪಗಳ ನಡುವೆ, ಹೊಳಪು ಕೊಟ್ಟ ಕಲ್ಲಿನ ನೆಲದ ಮೇಲೆ ನಿಂತಿದ್ದೇನೆ. ಕೊಠಡಿಯಲ್ಲಿ ಕುರ್ಚಿ ಇಲ್ಲ. ಕುಳಿತ ಕಾವಲುಗಾರನನ್ನು ಕಂಡರೆ ನೋಡುಗರಿಗೆ ಶಿಲ್ಪದ ಮೇಲಿನ ಗೌರವ ಇಳಿಯುತ್ತದೆಂದು ತಮಗಿಂತ ಹಿಂದೆ ಆ ಗಾಲಿಯ ಕುರ್ಚಿಯಲ್ಲಿದ್ದವರು ಕುಳಿತುಕೊಂಡೇ ಕಂಡುಹಿಡಿದಿದ್ದರು. ಒಂಬತ್ತು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ ಇದೆ. ತಮ್ಮ ವಿಭಾಗ ವರ್ಷಕ್ಕೊಮ್ಮೆ ಹಂಚುವ ಆರೋಗ್ಯ ನಮೂನೆಯ ಆರನೆಯ ಸಾಲಿನಲ್ಲಿ ಇದನ್ನು ಒಂಬತ್ತು ಸಲ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೇನೆ. ಹತ್ತನೆಯ ಸಲ ಊರೆಲ್ಲ ಓದುವಂತೆ ಬರೆದರೆ ತಮ್ಮ ಕಣ್ಣಿಗೂ ಬಿದ್ದೀತು ಎಂಬ ದುರಾಸೆ ನನ್ನದು.

ಹತ್ತು ವಾರಗಳ ಹಿಂದಿನವರೆಗೆ ನಾನು ಕೆಲಸಕ್ಕೆ ಹಾಕಿಕೊಂಡು ಬರುತ್ತಿದ್ದುದು ಆಸ್ಪತ್ರೆಯವರು ಹೇಳಿ ಕೊಡಿಸಿದ ಒಂದು ಜೊತೆ ಕಪ್ಪು ಶೂ. ಮುಂಭಾಗ ಅಗಲವಾಗಿತ್ತು, ಐದು ಬೆರಳುಗಳೂ ಒಂದರ ಮೇಲೊಂದು ಹತ್ತದೆ ಮಲಗುವಷ್ಟು. ಒಳಗೆ ಹೊಲಿಗೆಯ ಗಂಟು ಇರಲಿಲ್ಲ. ಅಟ್ಟೆ ದಪ್ಪವಾಗಿ, ಮೆತ್ತಗಿತ್ತು. ಸಂಜೆಯ ಹೊತ್ತಿಗೆ ಕಾಲು ಊದಿದರೆ ಮೇಲಿನ ಪಟ್ಟಿಯನ್ನು ಒಂದು ಬೆರಳಿನಷ್ಟು ಸಡಿಲಿಸಬಹುದಿತ್ತು. ನೋಡಲು ಅವು ಚೆನ್ನಾಗಿದ್ದವೆಂದು ನಾನು ಸುಳ್ಳು ಹೇಳಲಾರೆ, ನನ್ನ ಹೆಂಡತಿ ಅವನ್ನು ದೋಣಿಗಳೆಂದೇ ಕರೆಯುತ್ತಿದ್ದಳು. ಆದರೆ ಇಪ್ಪತ್ತೊಂದು ವರ್ಷಗಳಲ್ಲಿ ಏಳನೆಯ ಕೊಠಡಿಗೆ ಬಂದ ಒಬ್ಬ ನೋಡುಗನಾದರೂ ಶಿಲ್ಪಗಳಿಂದ ಕಣ್ಣು ತೆಗೆದು ನನ್ನ ಪಾದ ನೋಡಿ ಬೇಸರದಿಂದ ಹೊರನಡೆದ ದಾಖಲೆ ನನಗೆ ಸಿಕ್ಕಿಲ್ಲ.

ತಮಗೆ ಸಿಕ್ಕಿರಬೇಕು. ‘ಸಿಬ್ಬಂದಿಯ ಪಾದಗಳು ಸಂಸ್ಥೆಯ ಘನತೆಯನ್ನು ಪ್ರತಿಬಿಂಬಿಸತಕ್ಕದ್ದು’ ಎಂಬ ತಮ್ಮ ಸುತ್ತೋಲೆ ಬಂದದ್ದು ಆಗ. ಅದರ ಹಿಂದೆಯೇ ಹತ್ತೊಂಬತ್ತು ಕಾವಲುಗಾರರಿಗೆ ಹತ್ತೊಂಬತ್ತು ಜೊತೆ ಹೊಸ ಶೂಗಳು ಬಂದವು. ಅವುಗಳ ಅಂದವನ್ನು ಬಣ್ಣಿಸಲು ನನ್ನಂಥವನ ಭಾಷೆ ಸಾಲದು. ತುದಿ ಪೆನ್ಸಿಲ್ ಚೂಪು ಮಾಡಿದಂತಿದೆ, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳೆಯುತ್ತದೆ, ಅಟ್ಟೆ ಅಂಚೆ ಕಾರ್ಡಿನಷ್ಟು ತೆಳ್ಳಗೆ ಹಲಗೆಯಷ್ಟು ಗಟ್ಟಿ. ಮನುಷ್ಯನ ಪಾದಕ್ಕೆ ನಡುವೆ ಒಂದೇ ಒಂದು ಬೆರಳಿದ್ದು ಅದು ಮೂಗಿನಂತೆ ಮುಂದಕ್ಕೆ ಚಾಚಿದ್ದರೆ ಇದಕ್ಕಿಂತ ಹಿತವಾದ ಶೂ ಭೂಮಿಯ ಮೇಲೆ ಇರುತ್ತಿರಲಿಲ್ಲ. ಬೆರಳುಗಳನ್ನು ಐದರಂತೆ ಕೊಟ್ಟು ಸೃಷ್ಟಿಯೇ ತಮ್ಮ ಸುತ್ತೋಲೆಯನ್ನು ಉಲ್ಲಂಘಿಸಿರುವಾಗ, ತಪ್ಪನ್ನು ಶೂವಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಳತೆ ತೆಗೆದ ಕ್ರಮವನ್ನೂ ಇಲ್ಲಿ ನೆನೆಯಲೇಬೇಕು. ತಮ್ಮ ಕಚೇರಿಯ ಪಡಸಾಲೆಯಲ್ಲಿ ಒಂದು ಯಂತ್ರವನ್ನಿಟ್ಟು, ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಮನೆಯಿಂದ ಆಗ ತಾನೇ ಬಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ಕುರ್ಚಿಯಲ್ಲಿ ಕೂರಿಸಿ ಬಲಗಾಲನ್ನು ಮಾತ್ರ ಅಳೆಯಲಾಯಿತು. ಆಡಳಿತ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತ ಭಾಗ್ಯ ನನಗೆ ಅಂದೇ ಮೊದಲು. ಗಡಿಯಾರಗಳ ಕೊಠಡಿ ಕಾಯುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಸಹೋದ್ಯೋಗಿ ಮಾತ್ರ ಒಂದು ಅನುಮಾನ ಎತ್ತಿದರು: ಸಂಜೆ ಐದಕ್ಕೆ ನಮ್ಮ ಕಾಲು ಬೆಳಿಗ್ಗೆಯ ಕಾಲಲ್ಲ, ಅಳೆಯುವುದಾದರೆ ಆಗ ಅಳೆಯಿರಿ, ನಿಲ್ಲಿಸಿ ಅಳೆಯಿರಿ, ಎರಡೂ ಕಾಲು ಅಳೆಯಿರಿ ಎಂದರು. ಯಂತ್ರದ ಪಕ್ಕದಲ್ಲಿದ್ದ ತಮ್ಮ ಸಹಾಯಕರು ಅದಕ್ಕೆ ಕೊಟ್ಟ ಉತ್ತರವನ್ನು ಯಾವುದಾದರೂ ಕೊಠಡಿಯ ಗೋಡೆಯ ಮೇಲೆ ಕೆತ್ತಿಸಬೇಕು. “ಸೈಜ್ ಅಂದ್ರೆ ಸೈಜ್ ಕಣಮ್ಮ, ಬೆಳಿಗ್ಗೆಗೊಂದು ಸಂಜೆಗೊಂದು ಇರಲ್ಲ” ಎಂದರು. ಗಡಿಯಾರಗಳನ್ನು ಕಾಯುವವರಿಗೆ ಹೊತ್ತಿನ ಬಗ್ಗೆ ಪಾಠ ಹೇಳಲು ಧೈರ್ಯ ಬೇಕು. ಅದು ತಮ್ಮ ವಿಭಾಗದಲ್ಲಿ ಯಥೇಚ್ಛವಾಗಿದೆ.

ಇನ್ನು ಸಮೀಕ್ಷೆಯ ವಿಷಯ. ಶೂ ಕೊಟ್ಟು ಎರಡು ವಾರಗಳಾದ ಮೇಲೆ ತಾವು ಒಂದು ಹಾಳೆ ಹಂಚಿದಿರಿ. ಅದರಲ್ಲಿದ್ದುದು ಒಂದೇ ಪ್ರಶ್ನೆ: ಈ ಶೂ ಧರಿಸಿದಾಗ ತಮಗಾಗುವ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ? ಹದಿನೇಳು ಜನ ಆರು, ಎಂಟು, ಒಂಬತ್ತು ಎಂದು ಬರೆದರು. ಅವರಲ್ಲೇ ಒಬ್ಬರಾದ ಅಕ್ಕ ಹತ್ತು ಕೊಟ್ಟು ಅದರ ಪಕ್ಕದಲ್ಲಿ ಇನ್ನೂ ಒಂದು ಸೊನ್ನೆ ಸೇರಿಸಿದ್ದರಂತೆ. ಇಬ್ಬರು ಮಾತ್ರ ಸೊನ್ನೆ ಎಂದು ಬರೆದು ಸಹಿ ಹಾಕಿದೆವು. ಒಬ್ಬ ನಾನು. ಇನ್ನೊಬ್ಬರು ನಾಣ್ಯಗಳ ಕೊಠಡಿಯ ಹಿರಿಯ ಕಾವಲುಗಾರರು, ಸಿಬ್ಬಂದಿಯ ಬಾಯಲ್ಲಿ ಅವರು ಚಿಲ್ಲರೆ ಮಾವ. ಅವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನಾಲ್ಕು ವರ್ಷ. ನಾವು ಸುಳ್ಳು ಬರೆಯಲಿಲ್ಲ, ಮೇಲಿನವರನ್ನು ಮೆಚ್ಚಿಸಲೂ ಬರೆಯಲಿಲ್ಲ. ನೋವಿದೆಯೇ ಎಂದು ತಾವು ಕೇಳಿದಿರಿ, ಪಾದವನ್ನು ಕೇಳಿ ನೋಡಿದೆವು, ಅದು ಇಲ್ಲ ಎಂದಿತು.

ಹತ್ತೊಂಬತ್ತು ಜನರಲ್ಲಿ ಹದಿನೇಳು ಜನ ಕುಂಟುತ್ತಿರುವಾಗ ಇಬ್ಬರು ಮಾತ್ರ ಏಕೆ ಕುಂಟುತ್ತಿಲ್ಲ ಎಂದು ಒಬ್ಬ ಸಾಮಾನ್ಯ ಮನುಷ್ಯ ಕೇಳಿಕೊಳ್ಳುತ್ತಿದ್ದ. ಆ ಇಬ್ಬರ ಆರೋಗ್ಯ ನಮೂನೆಯ ಆರನೆಯ ಸಾಲನ್ನು ತೆರೆದು ನೋಡುತ್ತಿದ್ದ. ಆದರೆ ತಾವು ಸಾಮಾನ್ಯರಲ್ಲ. ನಮ್ಮಿಬ್ಬರನ್ನು ಮುಖ್ಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಫೋಟೋ ತೆಗೆಸಿ, ‘ಹೊಂದಿಕೊಂಡವರಿಗೆ ನೋವಿಲ್ಲ’ ಎಂದು ಕೆಳಗೆ ಅಚ್ಚು ಹಾಕಿಸಿ, ಸಿಬ್ಬಂದಿ ಬಾಗಿಲಿನ ಎದುರಿಗೇ ತೂಗುಹಾಕಿಸಿದಿರಿ. ಉಳಿದ ಹದಿನೇಳು ಜನರಿಗೆ ನಮ್ಮನ್ನು ನೋಡಿ ಕಲಿಯಿರಿ ಎಂದು ಸೂಚನೆಯೂ ಹೋಯಿತು. ನರ ಸತ್ತ ಪಾದಗಳನ್ನು ಹುಡುಕಿ ತೆಗೆದು ಅವುಗಳ ಸಾಕ್ಷ್ಯದ ಮೇಲೆ ಜೀವವಿರುವ ಪಾದಗಳಿಗೆಲ್ಲ ಶೂ ತೊಡಿಸಿದ ಕಲ್ಯಾಣ ವಿಭಾಗ ಇನ್ನೊಂದು ಇದೆಯೇ ಎಂದು ನನಗೆ ತಿಳಿಯದು. ಇದ್ದರೆ ಅವರೊಡನೆ ತಾವು ಅನುಭವ ವಿನಿಮಯ ಮಾಡಿಕೊಳ್ಳಬೇಕು.

ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ: ಆ ಫೋಟೋ ನೋಡಿ ನನಗೆ ಹೆಮ್ಮೆಯಾಗಿತ್ತು. ಮೂರು ವಾರ ಬೆನ್ನು ಸೆಟೆಸಿ ನಿಂತಿದ್ದೆ. ಊಟದ ಕೋಣೆಯಲ್ಲಿ ಎಲ್ಲರೂ ಶೂ ಕಳಚಿ ಬೆರಳು ತಿಕ್ಕಿಕೊಳ್ಳುತ್ತಿದ್ದಾಗ ನಾನು ಲೇಸು ಕೂಡ ಸಡಿಲಿಸದೆ ಕೂರುತ್ತಿದ್ದೆ. ಅಕ್ಕ ಒಂದು ದಿನ ನನ್ನ ಕಾಲನ್ನೇ ನೋಡುತ್ತಾ ಹೇಳಿದ್ದರು: “ನಿಮ್ಮ ಕಾಲಿಗೆ ಒಳ್ಳೇ ಅಭ್ಯಾಸ ಕಣ್ರೀ, ನಿಮ್ಮ ಹಾಗೇ ಮೇಲಿನವರ ಮುಂದೆ ಬಾಯೇ ಬಿಡಲ್ಲ.” ಅಸೂಯೆ ಎಂದುಕೊಂಡು ನಾನು ನಕ್ಕುಬಿಟ್ಟೆ.

ಏಳನೆಯ ವಾರದ ಭಾನುವಾರ ಬಟ್ಟೆ ಒಗೆಯಲು ಕುಳಿತ ಹೆಂಡತಿ ನನ್ನ ಎಡಗಾಲಿನ ಕಾಲುಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಹಿತ್ತಿಲಿಂದಲೇ ನನ್ನನ್ನು ಕರೆದಳು. ಚೀಲದ ತುದಿಯಲ್ಲಿ ಕಂದು ಬಣ್ಣದ ಕಲೆ ಒಣಗಿ ಗಟ್ಟಿಯಾಗಿತ್ತು. ಯಾವತ್ತಿನಿಂದ ಹೀಗೆ ಎಂದು ಅವಳು ಕೇಳಿದಳು, ಏನು ಹೀಗೆ ಎಂದು ನಾನು ಕೇಳಿದೆ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕಿರುಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದವಳು ಬಟ್ಟೆಗಳನ್ನು ಹಾಗೇ ಬಿಟ್ಟು ಒಳಗೆ ಹೋಗಿ ನನ್ನ ಆಸ್ಪತ್ರೆಯ ಪುಸ್ತಕ ತಂದಳು. ಆ ಪುಸ್ತಕ ಕಂಡ ಮೇಲೆಯೇ ನನಗೆ ಮೊದಲ ಸಲ ಏನೋ ಆಗಿದೆಯೆಂದು ತಿಳಿದದ್ದು.

ಮರುದಿನ ಪಾದ ಚಿಕಿತ್ಸಾ ವಿಭಾಗದ ದಾದಿ ನನ್ನ ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆಯಿಂದ ಪಾದದ ಹತ್ತು ಕಡೆ ಮುಟ್ಟುವುದಾಗಿಯೂ, ಗೊತ್ತಾದಾಗಲೆಲ್ಲ ಹೂಂ ಅನ್ನಬೇಕೆಂದೂ ಹೇಳಿದರು. ನಾನು ಕಣ್ಣು ಮುಚ್ಚಿ ಕಾದೆ. ಸ್ವಲ್ಪ ಹೊತ್ತಾದ ಮೇಲೆ ಯಾವಾಗ ಶುರು ಮಾಡುತ್ತೀರಿ ಎಂದು ವಿನಯದಿಂದ ವಿಚಾರಿಸಿದೆ. “ಎರಡೂ ಕಾಲು ಮುಗೀತು, ಕಣ್ಣು ಬಿಡಿ” ಎಂದರು ಅವರು.

ಅದಾದ ಮೇಲೆ ಅವರು ನನ್ನ ಶೂ ಕೇಳಿ ಒಳಗೆ ಕೈ ಹಾಕಿದರು. ಬೆರಳಿಂದ ತಡವುತ್ತಾ ಹೋಗಿ ಎಡ ಶೂವಿನ ತುದಿಯಲ್ಲಿ ನಿಂತರು, ಒಳಗಿನ ಹಾಸನ್ನು ಎತ್ತಿ ಚಿಮುಟದಿಂದ ಒಂದು ಸ್ಟೇಪಲ್ ಪಿನ್ನನ್ನು ಹೊರಗೆಳೆದರು. ಪಿನ್ನಿನ ಜೊತೆ ಒಂದು ಚೀಟಿಯ ಚೂರೂ ಬಂತು. ಬೆವರಿಗೂ ರಕ್ತಕ್ಕೂ ನೆಂದು ಹೋಗಿದ್ದರೂ ಅದರ ಮೇಲಿನ ಅಚ್ಚು ಓದುವಂತಿತ್ತು: ‘ಗುಣಮಟ್ಟ ಪರೀಕ್ಷಿಸಲಾಗಿದೆ’. ಚೂಪು ತುದಿಯಲ್ಲಿ ಜಾಗ ಸಾಲದೆ ಅಡಿಗೆ ಮಡಚಿಕೊಂಡಿದ್ದ ಕಿರುಬೆರಳು ಪ್ರತಿ ಹೆಜ್ಜೆಗೂ ಆ ಪಿನ್ನಿನ ಮೇಲೆ ಕೂರುತ್ತಿತ್ತು. ಎಷ್ಟು ದಿನದಿಂದ ಎಂದು ದಾದಿ ಕೇಳಿದರು. ಹೇಳಬೇಕಾಗಿದ್ದವನು ನಾನು, ನನಗೆ ಗೊತ್ತಿರಲಿಲ್ಲ. ಗುಣಮಟ್ಟದ ಬಗ್ಗೆ ಇಷ್ಟು ಹತ್ತಿರದಿಂದ, ಇಷ್ಟು ಆಳವಾಗಿ ಯಾವ ಗ್ರಾಹಕನಿಗೂ ಭರವಸೆ ಸಿಕ್ಕಿರಲಾರದು.

ದಾದಿ ನನಗೆ ಹೇಳಿದ್ದನ್ನು ತಮಗೂ ದಾಟಿಸುತ್ತೇನೆ, ಇದರಲ್ಲಿ ಯಂತ್ರ ಬೇಡುವ ಮಾತು ಒಂದೂ ಇಲ್ಲ. ಸಕ್ಕರೆ ಕಾಯಿಲೆಯವರ ಪಾದ ಹೇಳುವುದನ್ನು ನಂಬಬಾರದು, ಕಣ್ಣಿಂದ ನೋಡಬೇಕು, ದಿನವೂ, ಅಂಗಾಲನ್ನು ಕನ್ನಡಿಯಲ್ಲಿ, ಬೆರಳ ಸಂದುಗಳನ್ನು ಬಿಡಿಸಿ. ಶೂ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಬೇಕು. ಕೊಳ್ಳುವುದಾದರೆ ಕಾಲು ಊದಿರುವ ಸಂಜೆ ಹೊತ್ತಿನಲ್ಲಿ, ನಿಂತು, ಎರಡೂ ಕಾಲಿಗೆ ಹಾಕಿ ನೋಡಿ ಕೊಳ್ಳಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಮುಂಭಾಗ ಅಗಲವಿರಬೇಕು, ಅಟ್ಟೆ ದಪ್ಪ ಇರಬೇಕು. ಹೊಸದನ್ನು ಮೊದಲ ದಿನವೇ ಒಂಬತ್ತು ಗಂಟೆ ಹಾಕಬಾರದು. ಇಷ್ಟೆಲ್ಲ ಹೇಳಿ ಅವರು ನಾನು ಹಿಂದೆ ಹಾಕುತ್ತಿದ್ದ ಶೂ ಹೇಗಿತ್ತೆಂದು ಕೇಳಿದರು. ನಾನು ದೋಣಿಗಳನ್ನು ವರ್ಣಿಸಿದೆ. ಅವನ್ನು ಏಕೆ ಬಿಟ್ಟಿರಿ ಎಂದರು. ಸಂಸ್ಥೆಯ ಘನತೆ ಎಂದೆ. ಅವರು ಅದನ್ನು ನನ್ನ ಕಡತದಲ್ಲಿ ಕಾರಣ ಎಂಬ ಜಾಗದಲ್ಲಿ ಬರೆದುಕೊಂಡರು.

ಈಗ ತಮ್ಮ ಕೃಪೆಯ ಅತ್ಯುನ್ನತ ಶಿಖರಕ್ಕೆ ಬರುತ್ತೇನೆ. ಹಳೆಯ ಅಗಲ ಶೂ ಹಾಕಲು ವಿನಾಯಿತಿ ಕೋರಿ, ದಾದಿಯ ಪತ್ರವನ್ನೂ ಲಗತ್ತಿಸಿ ನಾನು ಅರ್ಜಿ ಸಲ್ಲಿಸಿದೆ. ಆರನೆಯ ದಿನಕ್ಕೆ ಉತ್ತರ ಬಂತು. ವಿನಾಯಿತಿ ಬೇಕಾದರೆ ಅರ್ಜಿದಾರನ ನೋವು ಹತ್ತಕ್ಕೆ ಕನಿಷ್ಠ ಆರು ಇರಬೇಕೆಂಬುದು ನಿಯಮ. ಅರ್ಜಿದಾರನೇ ಸ್ವಹಸ್ತದಿಂದ ಸೊನ್ನೆ ಎಂದು ಬರೆದು ಸಹಿ ಹಾಕಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಒಟ್ಟು ಒಂದೂವರೆ ಸಾಲು, ನನ್ನ ಸಹಿಯ ನಕಲಿನೊಂದಿಗೆ. ನೋವಿದ್ದ ಹದಿನೇಳು ಜನ ವಿನಾಯಿತಿ ಕೇಳಿದಾಗ, ನೋವಿಲ್ಲದ ಇಬ್ಬರನ್ನು ನೋಡಿ ಎಂದು ಅವರನ್ನು ಕಳಿಸಿದ್ದಿರಿ. ನೋವಿಲ್ಲದವನು ಕೇಳಿದಾಗ ನಿನಗೆ ನೋವೇ ಇಲ್ಲವಲ್ಲ ಎಂದು ಕಳಿಸಿದಿರಿ. ಯಾರೊಬ್ಬರೂ ನುಸುಳಲಾರದ ಇಂಥ ಬಾಗಿಲನ್ನು ನಮ್ಮ ಸಂಗ್ರಹಾಲಯದ ಖಜಾನೆಗೂ ಹಾಕಿಸಿಲ್ಲ.

ನಾನು ಕಾಯುವ ಕೊಠಡಿಯ ನಡುವೆ ಗಾಜಿನ ಪೆಟ್ಟಿಗೆಯೊಂದರಲ್ಲಿ ಒಂದು ಪಾದವಿದೆ. ಎಡಗಾಲು, ಕಣಕಾಲಿನ ಮೇಲೆ ಮುರಿದಿದೆ, ಕಲ್ಲಿನದು. ಅದರ ಆಕಾರಕ್ಕೆ ಸರಿಯಾಗಿ ಕೊರೆದ ಮೆತ್ತನೆಯ ಹಾಸಿನ ಮೇಲೆ ಅದು ಮಲಗಿದೆ. ಪ್ರತಿದಿನ ಬೆಳಿಗ್ಗೆ ಸಂರಕ್ಷಣಾ ವಿಭಾಗದವರು ಬಂದು ಭೂತಗನ್ನಡಿಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಹೊಸ ಬಿರುಕಿಲ್ಲ ಎಂದು ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಅದಕ್ಕೂ ಒಂದು ಬೆರಳಿಲ್ಲ. ಅದು ಯಾವಾಗ, ಏಕೆ ಮುರಿಯಿತು ಎಂಬ ಬಗ್ಗೆ ಇಬ್ಬರು ವಿದ್ವಾಂಸರು ಜಗಳವಾಡುತ್ತಾ ನಲವತ್ತು ಪುಟ ಬರೆದಿದ್ದಾರೆ. ಆದ್ದರಿಂದ ನನ್ನ ಮೊದಲ ವಿನಂತಿ: ನನ್ನನ್ನು ಸಿಬ್ಬಂದಿ ಪಟ್ಟಿಯಿಂದ ತೆಗೆದು ದಯವಿಟ್ಟು ಪ್ರದರ್ಶನ ವಸ್ತುಗಳ ಪಟ್ಟಿಗೆ ಸೇರಿಸಬೇಕು. ಪೂರ್ತಿ ನಾನು ಹೊರೆಯಾಗುವುದಾದರೆ ಮೊಣಕಾಲಿನಿಂದ ಕೆಳಗಿನ ಭಾಗವಾದರೂ ಸಾಕು. ಸೋರುವುದರಿಂದ ಪೆಟ್ಟಿಗೆಯ ಹಾಸನ್ನು ಆಗಾಗ ಬದಲಿಸಬೇಕಾದೀತು, ಅಷ್ಟು ಬಿಟ್ಟರೆ ನನ್ನ ಪಾದ ಶಿಸ್ತಿನಿಂದಲೇ ಮಲಗಿರುತ್ತದೆ. ಅದಕ್ಕೆ ನೋವಿಲ್ಲ ಎಂಬುದಕ್ಕೆ ದಾಖಲೆ ತಮ್ಮಲ್ಲೇ ಇದೆ.

ಅದು ಆಗದಿದ್ದರೆ, ಬೆರಳುಗಳ ಸಂಖ್ಯೆಯನ್ನೇ ತಗ್ಗಿಸುವ ಒಂದು ಸುತ್ತೋಲೆ ಹೊರಡಿಸಬಹುದು. ಪ್ರತಿ ಪಾದಕ್ಕೆ ಮೂರು ಬೆರಳು ಸಾಕೆಂದು ಆದೇಶವಾದರೆ ತಮ್ಮ ಶೂ ಎಲ್ಲರಿಗೂ ಸರಿಹೋಗುತ್ತದೆ, ಆ ದಿಕ್ಕಿನಲ್ಲಿ ನಾನು ಈಗಾಗಲೇ ಒಂದು ಬೆರಳಿನಷ್ಟು ಮುಂದುವರಿದಿದ್ದೇನೆ. ಅದೂ ಕಷ್ಟವೆನಿಸಿದರೆ ತಾವೇ ಒಂದು ದಿನ, ಒಂದೇ ಒಂದು ದಿನ, ಅದೇ ಶೂ ತೊಟ್ಟು ಏಳನೆಯ ಕೊಠಡಿಯಲ್ಲಿ ಒಂಬತ್ತೂವರೆ ಗಂಟೆ ನಿಂತು ನೋಡಬೇಕು. ಗಾಲಿಯ ಕುರ್ಚಿಯನ್ನು ಆ ಹೊತ್ತು ನಾನು ಕಾಯುತ್ತೇನೆ.

ಇವು ಮೂರೂ ನಡೆಯದ ಮಾತು ಎಂದು ಬಲ್ಲೆ. ನಡೆಯುವ ಮಾತು ಇಷ್ಟೇ. ಬೆರಳು ತೆಗೆದ ಮೇಲೆ ಆರು ವಾರ ರಜೆ, ಏಳನೆಯ ವಾರ ನಾನು ಕೆಲಸಕ್ಕೆ ಮರಳಬೇಕು. ಅದೇ ಚೂಪು ಶೂವಿನಲ್ಲಿ ಮರಳಿದರೆ ಮುಂದಿನ ಸಲ ಬೆರಳಿನಲ್ಲಿ ನಿಲ್ಲುವುದಿಲ್ಲವೆಂದು ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಗಾಯವಾದ ಕಾಲನ್ನು ಕಾಪಾಡಲು ಭಾರವನ್ನೆಲ್ಲ ಹೊರುವ ಬಲಗಾಲೂ ಆ ದಿನ ದಾದಿಯ ಎಳೆಗೆ ಒಂದು ಸಲವೂ ಹೂಂ ಅಂದಿಲ್ಲ. ನನಗೆ ಬೇಕಿರುವುದು ನನ್ನದೇ ಹಳೆಯ ಶೂ ಹಾಕಲು ಅನುಮತಿ, ಗಂಟೆಗೆ ಹತ್ತು ನಿಮಿಷ ಕೂರಲು ಒಂದು ಸ್ಟೂಲು, ಮತ್ತು ನೋವಿಲ್ಲ ಎಂಬುದನ್ನು ಕ್ಷೇಮ ಎಂದು ಓದುವ ತಮ್ಮ ನಿಯಮದ ಮೇಲೆ ಒಂದು ಅಡ್ಡಗೆರೆ. ಕೊಟ್ಟರೆ ನಡೆದು ಬರುತ್ತೇನೆ. ಕೊಡದಿದ್ದರೆ ಎಷ್ಟು ದಿನ ನಡೆದು ಬಂದೇನು ಎಂಬುದನ್ನು ನನಗಿಂತ ಮೊದಲು ಬೇರೆಯವರು ತಿಳಿಸುತ್ತಾರೆ.

ತಮ್ಮ ಪಾದಗಳು ನೂರು ವರ್ಷ ನೋಯುತ್ತಿರಲಿ ಎಂದು ಮನಃಪೂರ್ವಕ ಹಾರೈಸುತ್ತೇನೆ. ನೋಯುವ ಪಾದಕ್ಕಿಂತ ದೊಡ್ಡ ಸಂಪತ್ತಿಲ್ಲವೆಂದು ಈಗ ತಿಳಿದವನಾದ್ದರಿಂದ ಇದನ್ನು ಶಾಪವೆಂದು ತಾವು ಭಾವಿಸಬಾರದು.

ಒಂಬತ್ತು ಬೆರಳುಗಳ ಮೇಲೂ ನೆಟ್ಟಗೆ ನಿಲ್ಲಲಿರುವ,
ತಮ್ಮ ವಿಶ್ವಾಸಿ,
ಏಳನೆಯ ಕೊಠಡಿಯ ಕಾವಲುಗಾರ

ಮಡಚುವ ಮುನ್ನ ಇನ್ನೊಂದು ಮಾತು: ನಿನ್ನೆ ಚಿಲ್ಲರೆ ಮಾವ ನನ್ನನ್ನು ನೋಡಲು ಮನೆಗೆ ಬಂದಿದ್ದರು, ತಾವು ಕೊಟ್ಟ ಹೊಸ ಶೂವಿನಲ್ಲಿಯೇ. ಶೂ ಬಿಚ್ಚಿ ಕಾಲು ತೋರಿಸಿ ಎಂದು ನನ್ನ ಹೆಂಡತಿ ಕೇಳಿದಳು. “ನಂಗೇನೂ ನೋವಿಲ್ಲಮ್ಮ” ಎಂದರು ಅವರು. “ಅದಕ್ಕೇ ಮಾವ ಬಿಚ್ಚಿ ಅಂದಿದ್ದು” ಎಂದಳು ಅವಳು. ಅವರು ಹೋಗುವಾಗ ನನ್ನ ದೋಣಿಗಳನ್ನು ಹಾಕಿಕೊಂಡು ಹೋದರು. ಅವರು ಬಿಟ್ಟುಹೋದ ತಮ್ಮ ವಿಭಾಗದ ಶೂ ನಮ್ಮ ಹೊಸ್ತಿಲ ಬಳಿ ಇದೆ, ಕಚೇರಿಯಿಂದ ಯಾರನ್ನಾದರೂ ಕಳಿಸಿದರೆ ಒಪ್ಪಿಸುತ್ತೇವೆ, ಎಡಗಾಲಿನದನ್ನು ಮಾತ್ರ ಬರಿಗೈಯಲ್ಲಿ ಮುಟ್ಟದಿರಲು ಹೇಳಿ ಕಳಿಸಬೇಕು. ಅವರ ಪಾದ ಪರೀಕ್ಷೆ ಸೋಮವಾರ, ಹದಿನೆಂಟನೆಯ ತಾರೀಕು, ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ. ನನ್ನ ಶಸ್ತ್ರಚಿಕಿತ್ಸೆ ಮಂಗಳವಾರ, ಹತ್ತೊಂಬತ್ತನೆಯ ತಾರೀಕು, ಹತ್ತೂವರೆಗೆ. ಈ ಶೂಗಳ ಬಗ್ಗೆ ವಿಚಾರಿಸಲು ತಾವು ಹೊಸದಾಗಿ ನೇಮಿಸಿದ ಪಾದರಕ್ಷೆ ಪುನರ್ವಿಮರ್ಶಾ ಸಮಿತಿಯ ಮೊದಲ ಸಭೆ ಶುಕ್ರವಾರ, ಇಪ್ಪತ್ತೆರಡನೆಯ ತಾರೀಕು, ಮಧ್ಯಾಹ್ನ ಮೂರಕ್ಕೆ.